ಇನಾಸು ಇಳಿಯದ ಶನಿವಾರಗಳು

ಆ ಶನಿವಾರ ನಾಲ್ಕು ಹತ್ತರ ಹಳದಿ ಗಾಡಿ ಬಂದು ನಿಂತಾಗ ನಾನು ಎಂದಿನಂತೆ ಐದನೆಯ ಬೋಗಿಯ ಎದುರಿಗೆ ಹೋಗಿ "ಇನಾಸು" ಎಂದು ಕರೆದೆ. ಬಾಗಿಲು ತೆರೆಯಲಿಲ್ಲ. ಗಾಜಿನ ಆಚೆ ನನ್ನ ಗಂಡ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಇಳಿಯುವವರು ಇಡುವ ಹಾಗೆ ಒಂದು ಕಾಲು ಮುಂದಿಟ್ಟು ನಿಂತಿದ್ದ. ನನ್ನ ದನಿ ಕೇಳಿ ನಕ್ಕಿದ್ದ ಕೂಡ. ಬಾಗಿಲು ತೆರೆಯದಿದ್ದಾಗ ಆ ನಗು ಸ್ವಲ್ಪ ಹೊತ್ತು ಹಾಗೇ ಉಳಿದು, ಆಮೇಲೆ ನಿಧಾನವಾಗಿ ಆರಿಹೋಯಿತು. ನಾನು ಇನ್ನೊಮ್ಮೆ ಕರೆದೆ. ಮತ್ತೊಮ್ಮೆ ಕರೆದೆ. ಅಕ್ಕಪಕ್ಕದ ಬಾಗಿಲುಗಳಿಂದ ಇಳಿದ ಜನ ತಮ್ಮ ತಮ್ಮವರನ್ನು ತಬ್ಬಿಕೊಂಡು, ಹೊರಡುವ ಮೊದಲು ಒಂದು ಗಳಿಗೆ ನಮ್ಮ ಕಡೆ ನೋಡಿ ಮುಖ ತಿರುಗಿಸಿಕೊಂಡರು.

ನಮ್ಮೂರು ಎರಡು ದೇಶಗಳ ನಡುವೆ, ಬೆಟ್ಟಕ್ಕೂ ಹೊಳೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿರುವ ಊರು. ರಸ್ತೆ ಇಲ್ಲ. ಬರುವವರು ಹೋಗುವವರು ಎಲ್ಲ ರೈಲನ್ನೇ ನಂಬಬೇಕು. ಪಶ್ಚಿಮದ ರಾಜಧಾನಿಯಿಂದ ಪೂರ್ವದ ರಾಜಧಾನಿಗೆ ಎರಡು ಕಂಪನಿಗಳ ಗಾಡಿಗಳು ಪೈಪೋಟಿಯಲ್ಲಿ ಓಡುತ್ತವೆ. ಹಳದಿ ಗಾಡಿ ಹಳೆಯದು. ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ಓಡಿದರೂ ಅದಕ್ಕೊಂದು ಸಾವಧಾನವಿತ್ತು. ಕಿಟಕಿಗೆ ಪರದೆ, ಪಿಂಗಾಣಿ ಬಟ್ಟಲಲ್ಲಿ ಸೂಪು, ನಮ್ಮೂರಲ್ಲಿ ಮೂರು ನಿಮಿಷದ ನಿಲುಗಡೆ. ನೀಲಿ ಗಾಡಿ ಬಂದು ಆರು ವರ್ಷವಾಗಿತ್ತು. ಮಿಂಚುಳ್ಳಿಯ ಕೊಕ್ಕಿನಂಥ ಮೂತಿ, ಮುನ್ನೂರು ದಾಟಿದ ವೇಗ, ಒಂದೇ ನಿಮಿಷದ ನಿಲುಗಡೆ, ಅದೇ ದೂರಕ್ಕೆ ಒಂದು ಗಂಟೆ ಕಡಿಮೆ. ಊರಲ್ಲಿ ಹಳದಿಯವರು, ನೀಲಿಯವರು ಎಂದು ಎರಡು ಪಂಗಡಗಳೇ ಆಗಿ, ಮದುವೆ ಮನೆಯಲ್ಲೂ ಬೇರೆ ಬೇರೆ ಸಾಲಿನಲ್ಲಿ ಊಟಕ್ಕೆ ಕೂರುತ್ತಿದ್ದರು. ಆದರೆ ಯಾವ ಗಾಡಿಯಾದರೂ ನಮ್ಮ ನಿಲ್ದಾಣದಲ್ಲಿ ಕಟ್ಟಳೆ ಒಂದೇ. ಪ್ಲಾಟ್‌ಫಾರಂ ಮೇಲಿಂದ ಯಾರಾದರೂ ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕರೆದರೆ ಮಾತ್ರ ಬಾಗಿಲು ತೆರೆಯುತ್ತದೆ. ಕರೆಸಿಕೊಂಡವರು ಮಾತ್ರ ಇಳಿಯುತ್ತಾರೆ. ಹತ್ತುವುದಕ್ಕೆ ಅಡ್ಡಿಯಿಲ್ಲ, ಆದರೆ ಹತ್ತುವವರಿಗೆಂದು ತೆರೆದ ಬಾಗಿಲಲ್ಲಿ ಒಳಗಿನವರಿಗೆ ಕಾಲು ಏಳುವುದಿಲ್ಲ. ಬೇರೆ ಊರುಗಳಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ ಎಂದು ಕೇಳಿದ್ದೇನೆ. ನಮ್ಮಲ್ಲಿ ಹೇಳದಿದ್ದರೆ ಗಂಡ ಮುಂದಿನ ದೇಶಕ್ಕೆ ಹೋಗಿಬಿಡುತ್ತಾನೆ.

ಇನಾಸುವಿಗೆ ಆ ಹೆಸರು ಇಟ್ಟವಳು ನಾನೇ. ಅವನು ನಮ್ಮೂರಿನವನೇ, ಆದರೆ ಆರು ವರ್ಷದವನಿದ್ದಾಗ ಅಪ್ಪ ಅಮ್ಮ ಇಬ್ಬರೂ ದೋಣಿ ಮಗುಚಿ ಹೋದರು. ಅವನನ್ನು ಪಶ್ಚಿಮ ದೇಶದ ಒಂದು ಅನಾಥಾಲಯಕ್ಕೆ ಕಳಿಸಿದರು. ಹತ್ತೊಂಬತ್ತಕ್ಕೆ ಊರು ನೋಡುವ ಮನಸ್ಸಾಗಿ ಗಾಡಿ ಹತ್ತಿದ. ಕರೆಯುವವರು ಯಾರೂ ಇರಲಿಲ್ಲ. ಮೂರು ವಾರ ಒಂದೇ ಸಮನೆ ಬಂದು, ಗಾಜಿಗೆ ಹಣೆ ಒತ್ತಿ ನಿಂತು, ಹಾಗೇ ಪೂರ್ವಕ್ಕೆ ಹೋಗಿ ವಾಪಸಾದ. ನಾನಾಗ ಅಗಾಥಕ್ಕನ ಚಹಾ ಅಂಗಡಿಯಲ್ಲಿ ಲೋಟ ತುಂಬುತ್ತಿದ್ದೆ. ಮೂರನೆಯ ವಾರ ತಡೆಯಲಾರದೆ, ಕಿಟಕಿಯಿಂದ ತಲೆ ಹೊರಗೆ ಹಾಕಿದ್ದ ಗಾರ್ಡಿನ ಬಳಿ ಅವನ ಹೆಸರು ಕೇಳಿದೆ. "ಟಿಕೆಟಲ್ಲಿ ಇಗ್ನೇಶಿಯಸ್ ಅಂತಿದೆ" ಎಂದ. ಹಾಗೆ ಕರೆದೆ, ಬಾಗಿಲು ಅಲುಗಲಿಲ್ಲ. ಕಾಗದದ ಹೆಸರು ನಡೆಯುವುದಿಲ್ಲವೆಂದು ಯಾರಿಗೆ ಗೊತ್ತಿಲ್ಲ? ಆಗ ಏನು ತೋಚಿತೋ, ಅವನು ನಮ್ಮ ಮನೆಯವನೇ ಆಗಿದ್ದರೆ ಹೇಗೆ ಕರೆಯುತ್ತಿದ್ದೆನೋ ಹಾಗೆ, "ಏ ಇನಾಸು, ಇಳಿಯೋ, ಚಹಾ ಆರ್ತಾ ಇದೆ" ಎಂದೆ. ಬಾಗಿಲು ತೆರೆಯಿತು. ಮುಂದಿನ ವರ್ಷ ನಮ್ಮ ಮದುವೆಯಾಯಿತು.

ಇಪ್ಪತ್ತೊಂದು ವರ್ಷ ಆ ಹೆಸರು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಊರಿನ ಮರದ ಮಿಲ್ಲು ಮುಚ್ಚಿದ ಮೇಲೆ ಅವನು ಪಶ್ಚಿಮದ ರಾಜಧಾನಿಯಲ್ಲಿ ಬೂಟಿನ ಕಾರ್ಖಾನೆ ಸೇರಿದ್ದ. ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದ. ಎಲ್ಲರೂ ನೀಲಿಗೆ ಬದಲಾಯಿಸಿಕೊಂಡರೂ ಅವನು ಹಳದಿ ಬಿಡಲಿಲ್ಲ. "ಮೂರು ನಿಮಿಷ ನಿಲ್ಲುತ್ತೆ, ನೀನು ಓಡಿ ಬರೋದು ತಪ್ಪುತ್ತೆ" ಎನ್ನುತ್ತಿದ್ದ.

ಆ ಮೂರು ನಿಮಿಷ ಮುಗಿದು ಗಾಡಿ ಹೊರಟಾಗ ಅವನು ಗಾಜಿಗೆ ಅಂಗೈ ಊರಿ ಏನೋ ಹೇಳುತ್ತಿದ್ದ. ತುಟಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಅಗಾಥಕ್ಕ ಅಂಗಡಿ ಬಿಟ್ಟು ಬಂದು ನನ್ನ ಮೊಣಕೈ ಹಿಡಿದುಕೊಂಡಳು. "ಗಂಟಲು ಕಟ್ಟಿತ್ತೇನೋ ಕಣೇ, ಮಿಲ್ಲಿ. ದನಿ ಸರಿಯಾಗಿ ಹೊರಡಲಿಲ್ಲ" ಎಂದಳು. ನನ್ನ ದನಿ ಹೊಳೆಯಾಚೆಗೂ ಕೇಳುತ್ತದೆ ಎನ್ನುವುದು ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಪೂರ್ವದ ನಿಲ್ದಾಣದಿಂದ ಅವನು ಫೋನು ಮಾಡಿದ.

"ನೀನು ಕರೆದದ್ದು ಕೇಳಿಸ್ತು ಮಿಲ್ಲಿ. ನಾನು ಮುಂದೆ ಬಂದೆ. ಬಾಗಿಲೇ..."

"ಯಾರವಳು?" ಎಂದೆ ನಾನು.

"ಯಾರು ಅಂದ್ರೆ?"

"ಅಲ್ಲಿ ನಿನ್ನನ್ನ ಬೇರೆ ಹೆಸರಲ್ಲಿ ಕರೆಯೋಳು ಯಾರು ಅಂತ ಕೇಳಿದೆ."

ಸುಳ್ಳು ಹೇಳುವವನಾಗಿದ್ದರೆ ಕೂಡಲೇ ಮಾತಾಡುತ್ತಿದ್ದ. ಅವನು ಸುಮ್ಮನಿದ್ದುಬಿಟ್ಟ. ನಾನು ಫೋನು ಇಟ್ಟೆ.

ಇಂಥದ್ದು ನಮ್ಮೂರಿಗೆ ಹೊಸದೇನಲ್ಲ. ರೊಟ್ಟಿ ಅಂಗಡಿಯವಳ ಗಂಡ ಹೀಗೇ ಒಂದು ದಿನ ಇಳಿಯಲಿಲ್ಲ, ಆಮೇಲೆ ಅವನಿಗೆ ಪೂರ್ವದಲ್ಲಿ ಇನ್ನೊಂದು ಸಂಸಾರವೂ ಅಲ್ಲಿ ಕರೆಯುವ ಇನ್ನೊಂದು ಹೆಸರೂ ಇರುವುದು ತಿಳಿಯಿತು. ಹಾಗಾಗಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇಬಿನ ಹಣ್ಣು, ಬೇಯಿಸಿದ ಬೀನ್ಸು ಇಟ್ಟು ಹೋದರು, ಸಾವಿನ ಮನೆಗೆ ತರುವಂತೆ. ನನಗೆ ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ಮುಂದಿನ ಶನಿವಾರ ಮತ್ತೆ ಹೋದೆ. ಇಪ್ಪತ್ತೊಂದು ವರ್ಷದಲ್ಲಿ ಅವನನ್ನು ಏನೇನೆಂದು ಕರೆದಿದ್ದೆನೋ ಎಲ್ಲವನ್ನೂ, ಜಗಳದಲ್ಲಿ ಕರೆದದ್ದು, ಮುದ್ದಿಗೆ ಕರೆದದ್ದು, ಹತ್ತು ಜನರ ಎದುರು ಹೇಳಬಾರದ್ದನ್ನೂ ಕೂಗಿ ಕರೆದೆ. ಪ್ಲಾಟ್‌ಫಾರಂ ಮೇಲಿದ್ದವರು ತಲೆ ತಗ್ಗಿಸಿ ನಿಂತಿದ್ದರು. ಬಾಗಿಲು ತೆರೆಯಲಿಲ್ಲ. ಅವನು ಒಳಗೆ ಅಳುತ್ತಿದ್ದ. ಅದರ ಮುಂದಿನ ವಾರ ಹಳದಿ ಕಂಪನಿಯವರು ನೀಲಿಯ ವೇಗಕ್ಕೆ ಸರಿಗಟ್ಟಬೇಕೆಂದು ಹೊಸ ವೇಳಾಪಟ್ಟಿ ಅಂಟಿಸಿದರು. ನಮ್ಮೂರಿನ ಮೂರು ನಿಮಿಷ ನಲವತ್ತು ಸೆಕೆಂಡಿಗೆ ಇಳಿದಿತ್ತು.

ನಲವತ್ತು ಸೆಕೆಂಡಿನಲ್ಲಿ ಎಷ್ಟು ಹೆಸರು ಕರೆಯಬಹುದು? ಬುಧವಾರ ಬೆಳಿಗ್ಗೆ ನೀಲಿ ಗಾಡಿ ಹತ್ತಿದೆ. ಅವನಿಗೆ ಹೇಳಲಿಲ್ಲ. ಸಂಜೆ ಬಂದಾಗ ನನ್ನನ್ನು ಕರೆದು ಇಳಿಸಬೇಕೆಂದು ಅಗಾಥಕ್ಕನಿಗೆ ಹೇಳಿ ಹೊರಟೆ. ಹಳದಿಯವರ ಮನೆಯ ಹೆಂಗಸು ನೀಲಿ ಹತ್ತಿದ್ದನ್ನು ನೋಡಿ ಇಬ್ಬರು ಮೂಗಿನ ಮೇಲೆ ಬೆರಳಿಟ್ಟರು. ನನಗೆ ಬೇಗ ತಲುಪಬೇಕಿತ್ತು, ಅಷ್ಟೇ. ಒಳಗೆ ಸದ್ದೇ ಇರಲಿಲ್ಲ. ಹೊರಗೆ ಗೋಧಿ ಹೊಲ, ಗೋಪುರ, ಕಾಲುವೆ ಎಲ್ಲ ಒಂದರೊಳಗೊಂದು ಕಲಸಿಕೊಂಡು ಓಡುತ್ತಿದ್ದವು. ಒಮ್ಮೆ ಪಕ್ಕದ ಹಳಿಯಲ್ಲಿ ಹಳದಿ ಗಾಡಿ ಸಿಕ್ಕಿತು. ಸ್ವಲ್ಪ ಹೊತ್ತು ಎರಡೂ ಜೊತೆಗೇ ಓಡಿದವು. ಅದರೊಳಗಿನ ಪರದೆ ಕಂಡಿತು, ಸೂಪು ಕುಡಿಯುತ್ತಿದ್ದ ಒಬ್ಬ ಮುದುಕ ಕಂಡ. ಆಮೇಲೆ ಅದು ಹಿಂದೆ ಬಿತ್ತು. ನಮ್ಮ ಬೋಗಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನನಗೆ ಏಕೋ ನನ್ನವರನ್ನು ಬಿಟ್ಟು ಬಂದ ಹಾಗಾಯಿತು.

ರಾಜಧಾನಿಯಲ್ಲಿ ಗಾಡಿ ನಿಂತಾಗ ನಾನು ಬಾಗಿಲ ಬಳಿ ನಿಂತು ಕಾದೆ. ಬಾಗಿಲು ತೆರೆದುಕೊಂಡಿತು. ಯಾರೂ ಯಾರನ್ನೂ ಕರೆದಿರಲಿಲ್ಲ. "ಇಳೀರಮ್ಮ" ಎಂದು ಹಿಂದಿನವರು ತಳ್ಳಿದರು. ಯಾರಿಗೂ ಬೇಡದವರೂ ಹೀಗೆ ಸಲೀಸಾಗಿ ಇಳಿದುಹೋಗುವ ಊರಲ್ಲಿ ಅವನು ಐದು ವರ್ಷ ಬದುಕಿದ್ದಾನೆ ಎನ್ನಿಸಿತು.

ಅವನ ಬಾಡಿಗೆ ಕೋಣೆಯ ವಿಳಾಸ ನನ್ನಲ್ಲಿತ್ತು. ಕಾರ್ಖಾನೆಯ ಹಿಂದಿನ ಓಣಿ, ಮೂರನೆಯ ಮಹಡಿ. ಮೆಟ್ಟಿಲು ಹತ್ತುವಾಗ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅವಳು ನನಗಿಂತ ಚಿಕ್ಕವಳಾಗಿರುತ್ತಾಳೆ, ಚೆಂದವಾಗಿರುತ್ತಾಳೆ ಎಂದು ತೀರ್ಮಾನಿಸಿದ್ದೆ. ಬಾಗಿಲು ತೆರೆದವಳಿಗೆ ಎಂಬತ್ತು ದಾಟಿತ್ತು. ಬೆನ್ನು ಬಾಗಿತ್ತು, ಎಡಗಾಲಿಗೆ ಮಾತ್ರ ಕಾಲುಚೀಲವಿತ್ತು. ಅವಳೇ ಮನೆಯ ಒಡತಿ ಒತೀಲಿಯಮ್ಮ.

"ಬಾ ಮಗಳೇ, ಒಳಗೆ ಬಾ. ರಾಫಾ ಇನ್ನೂ ಬಂದಿಲ್ಲ" ಎಂದಳು. ನಮ್ಮೂರಿನವರಿಗೆ ಎರಡೂ ದೇಶದ ಮಾತು ಬರುತ್ತದೆ; ಅರ್ಥವಾಯಿತು.

"ರಾಫಾ ಯಾರಮ್ಮ?"

"ನನ್ನ ಮಗ. ಕಾರ್ಖಾನೆಗೆ ಹೋಗಿದಾನೆ. ಮಧ್ಯಾಹ್ನ ಊಟಕ್ಕೆ ಬರ್ತಾನೆ. ಅವನು ಬರೋ ತನಕ ನಾನು ಉಣ್ಣಲ್ಲ."

ಮೇಜಿನ ಮೇಲೆ ಎರಡು ತಟ್ಟೆ, ಬೀಟ್‌ರೂಟಿನ ಸಾರು. ಗೋಡೆಯ ಮೇಲೆ ಒಬ್ಬ ಹುಡುಗನ ಫೋಟೋ ಇತ್ತು. ಇಪ್ಪತ್ತರ ಆಸುಪಾಸು, ಅಗಲ ಕಿವಿ, ನನ್ನ ಗಂಡನಿಗೂ ಅವನಿಗೂ ಕೂದಲೆಳೆಯ ಹೋಲಿಕೆಯೂ ಇರಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಮುದುಕಿ ಕಿಟಕಿಯ ಕಡೆ ನೋಡುತ್ತಲೇ ಕರೆದಳು, ಕೊನೆಯ ಅಕ್ಷರವನ್ನು ಎಳೆದು ಎಳೆದು. "ರಾಫಾಆ..."

"ಬಂದೆ ಅಮ್ಮಾ" ಎಂದಿತು ನನ್ನ ಗಂಡನ ದನಿ.

ಬಾಗಿಲಲ್ಲಿ ನನ್ನನ್ನು ಕಂಡು ಅವನು ಟೋಪಿ ಕೈಯಲ್ಲಿ ಹಿಡಿದು ನಿಂತುಬಿಟ್ಟ. ಮುದುಕಿ ನನ್ನನ್ನೂ ಅವನನ್ನೂ ನೋಡಿ, "ಇವಳು ಯಾರೋ?" ಎಂದಳು.

"ನನ್ನ ಹೆಂಡತಿ, ಅಮ್ಮ."

"ಮದುವೆ ಆಯ್ತಾ? ನನಗೆ ಒಂದು ಮಾತು ಹೇಳಲಿಲ್ಲವಲ್ಲೋ!" ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಎದ್ದು ಮೂರನೆಯ ತಟ್ಟೆ ಇಟ್ಟಳು.

ಊಟವಾದ ಮೇಲೆ ಅವಳು ಕುರ್ಚಿಯಲ್ಲೇ ನಿದ್ದೆ ಹೋದಳು. ಅವನು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಹೇಳಿದ. ರಾಫಾ ಎನ್ನುವವನು ಇಪ್ಪತ್ತೆರಡನೆಯ ವಯಸ್ಸಿಗೆ ಎದೆಗೆ ಕಫ ಕಟ್ಟಿ ಹೋದವನು, ಮೂವತ್ತು ವರ್ಷದ ಹಿಂದೆ. ಎರಡು ವರ್ಷದಿಂದ ಮುದುಕಿಗೆ ಮರೆವು ಹೆಚ್ಚಾಗಿತ್ತು. ಮೊದಮೊದಲು ಇವನು ಪ್ರತಿ ಸಲವೂ, ನಾನು ರಾಫಾ ಅಲ್ಲ, ನಿಮ್ಮ ಬಾಡಿಗೆಯವನು ಎನ್ನುತ್ತಿದ್ದನಂತೆ. ಪ್ರತಿ ಸಲವೂ ಅವಳು ಮಗ ಸತ್ತ ಸುದ್ದಿಯನ್ನು ಅದೇ ಮೊದಲು ಕೇಳಿದವಳ ಹಾಗೆ ಅಳುತ್ತಿದ್ದಳಂತೆ.

"ದಿನಾ ಒಂದು ಸಾವು ಯಾಕೆ ಹೇಳ್ಬೇಕು ಅನ್ನಿಸ್ತು" ಎಂದ. "ಓಗೊಡೋಕೆ ಶುರು ಮಾಡ್ದೆ. ಅಷ್ಟೇ ಆಗಿದ್ರೆ ಪರವಾಗಿರ್ಲಿಲ್ಲವೇನೋ. ಬಾಗಿಲು ತೆರೆಯದ ಆ ಮೊದಲ ವಾರ, ಬುಧವಾರ, ಅವಳು ನನ್ನ ಅಂಗಿ ಗುಂಡಿ ಹೊಲಿದುಕೊಟ್ಟಳು. ನನ್ನ ಬಾಯಿಂದ 'ಅಮ್ಮ' ಅಂತ ಬಂದುಬಿಡ್ತು. ಅವಳಿಗೋಸ್ಕರ ಅಂದದ್ದಲ್ಲ ಮಿಲ್ಲಿ. ನನಗೋಸ್ಕರ ಅಂದೆ. ಆರು ವರ್ಷದವನಿದ್ದಾಗಿನಿಂದ ನಾನು ಯಾರನ್ನೂ ಹಾಗೆ ಕರೆದಿಲ್ಲ."

ನಾನು ಜಗಳಕ್ಕೆಂದು ಬಂದವಳು. ಜಗಳವಾಡುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ನನ್ನ ಸ್ಥಾನವನ್ನು ಯಾರೋ ಕಿತ್ತುಕೊಂಡಿದ್ದರೆ ಸಿಟ್ಟು ಬರುತ್ತಿತ್ತು. ನಾನು ಎಂದೂ ತುಂಬಲಾಗದ ಸ್ಥಾನವೊಂದು ಅವನೊಳಗಿತ್ತು ಎಂದು ತಿಳಿದಾಗ ಸಿಟ್ಟು ಹೋಗಿ ಬೇರೇನೋ ಬಂದು ಕೂತಿತು. ಸಂಜೆ ಗಾಡಿಗೆ ಬಿಡಲು ಬಂದಾಗ ಅವನು, "ಶನಿವಾರ ಆ ಹೆಸರಲ್ಲಿ ಕರಿ" ಎಂದ.

"ನನ್ನ ಬಾಯಿಗೆ ಬರಲ್ಲ."

"ಮನೆಗೆ ಬರ್ಬೇಕು ಅನ್ನಿಸ್ತಿದೆ ಮಿಲ್ಲಿ. ಹೆಸರು ಯಾವುದಾದ್ರೇನು?"

ಅವನಿಗೆ ಯಾವುದಾದರೂ ಆದೀತು. ಇನಾಸು ಎಂಬ ಹೆಸರನ್ನು ಕೊಟ್ಟವಳು ನಾನಲ್ಲವೇ. ಊರಲ್ಲಿ ಅಗಾಥಕ್ಕ "ಮಿಲ್ಲೀ" ಎಂದು ಕರೆದ ಕೂಡಲೇ ನನ್ನ ಬಾಗಿಲು ಸರಾಗವಾಗಿ ತೆರೆದುಕೊಂಡಾಗ ನನಗೆ ನಾಚಿಕೆಯಾದಂತಾಯಿತು.

ಶನಿವಾರ ಹಳದಿ ಗಾಡಿ ನಿಂತಿತು. ನಾನು ಸುಮ್ಮನೆ ನಿಂತಿದ್ದೆ. ಗಡಿಯಾರದ ಮುಳ್ಳು ಅರ್ಧ ಸುತ್ತಿತು. ಅವನು ನನ್ನನ್ನೇ ನೋಡುತ್ತಿದ್ದ, ಬೇಡುವ ಹಾಗೂ ಅಲ್ಲ, ಹೋದರೆ ಹೋಗಲಿ ಎನ್ನುವ ಹಾಗೂ ಅಲ್ಲ. ಗಾರ್ಡು ಸೀಟಿ ಬಾಯಿಗಿಟ್ಟಾಗ ನಾನು "ರಾಫಾ" ಎಂದೆ. ಮೆಲ್ಲಗೇ ಅಂದೆ. ಬಾಗಿಲು ತೆರೆಯಿತು. ಪ್ಲಾಟ್‌ಫಾರಂ ಮೇಲಿದ್ದವರೆಲ್ಲ ಕೇಳಿಸಿಕೊಂಡರು. ಮೂರು ವಾರದ ಮೇಲೆ ಇಳಿದ ಗಂಡ ನನ್ನನ್ನು ತಬ್ಬಿಕೊಂಡ. ನಾನು ಅವನ ಕೋಟಿನ ವಾಸನೆ ನೋಡಿ, ಇವನೇ ಹೌದು ಎಂದು ಮನಸ್ಸಿಗೆ ಹೇಳಿಕೊಂಡೆ.

ಹೀಗೆ ಚಳಿಗಾಲ ಕಳೆಯಿತು. ವಾರಕ್ಕೊಮ್ಮೆ ಸತ್ತ ಹುಡುಗನ ಹೆಸರು ಕರೆದು ನನ್ನ ಗಂಡನನ್ನು ಇಳಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ಮಾತ್ರ ಹಳೆಯ ಹೆಸರೇ ಬಳಸುತ್ತಿದ್ದೆ. "ಇನಾಸು, ಉಪ್ಪು ಕೊಡು" ಎಂದರೆ ಅವನು ಕೊಡುತ್ತಿದ್ದ, ಆದರೆ ಒಂದು ಕ್ಷಣ ತಡವಾಗಿ, ಯಾರಿಗೆ ಹೇಳಿದ್ದೆಂದು ನೆನಪು ಮಾಡಿಕೊಂಡವನಂತೆ. ಭಾನುವಾರ ಅವನು ಕಿಟಕಿಯ ಬಳಿ ಕನ್ನಡಿ ಇಟ್ಟುಕೊಂಡು ಕ್ಷೌರ ಮಾಡಿಕೊಳ್ಳುವಾಗ ಬೆನ್ನ ಹಿಂದೆ ನಿಂತು ಮೆಲ್ಲಗೆ "ಇನಾಸು" ಎನ್ನುತ್ತಿದ್ದೆ. ಕತ್ತಿ ನಿಲ್ಲುತ್ತಿರಲಿಲ್ಲ. ಮನುಷ್ಯ ಎದುರಿಗೇ ಇರುವಾಗ ಅವನಿಗಾಗಿ ಹಂಬಲಿಸುವುದು ಹೇಗೆಂದು ಆಗ ಕಲಿತೆ. ಊರವರು ನಿಧಾನವಾಗಿ ಒಗ್ಗಿಕೊಂಡರು. ಅಗಾಥಕ್ಕನಂತೂ ಅವನಿಗೆ "ಬಾಪ್ಪಾ" ಎಂದಷ್ಟೇ ಹೇಳಿ ಲೋಟ ಕೊಡುವುದನ್ನು ರೂಢಿ ಮಾಡಿಕೊಂಡಳು.

ನಾನು ನೀಲಿ ಗಾಡಿಯಲ್ಲಿ ಮತ್ತೆರಡು ಸಲ ಹೋಗಿ ಒತೀಲಿಯಮ್ಮನನ್ನು ನೋಡಿ ಬಂದೆ. ಎರಡೂ ಸಲ ಅವಳಿಗೆ ನಮ್ಮ ಮದುವೆ ಹೊಸ ಸುದ್ದಿಯೇ. ಎರಡೂ ಸಲ ಅತ್ತು, ಎದ್ದು ಮೂರನೆಯ ತಟ್ಟೆ ಇಟ್ಟಳು. ಎರಡನೆಯ ಸಲ ನನ್ನ ಕೈಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟು, "ಸೊಸೆಗೆ ಹೆಣೆದೆ, ಅವಳು ಬಂದ್ರೆ ಕೊಡು" ಎಂದಳು. ನನ್ನ ಕಾಲಿಗೆ ತೀರಾ ದೊಡ್ಡದಾಗಿತ್ತು. ಆದರೂ ಹಾಕಿಕೊಂಡೆ.

ಜನವರಿಯಲ್ಲಿ ಒಂದು ಬೆಳಿಗ್ಗೆ ಅವಳು ಏಳಲಿಲ್ಲ. ನಾನು ಮಣ್ಣಿಗೆ ಹೋದೆ. ಹಿಮ ಬಿದ್ದು ನೆಲ ಕಲ್ಲಾಗಿತ್ತು. ಒಟ್ಟು ಸೇರಿದ್ದವರು ಐದು ಜನ. ದಫ್ತರದ ಗುಮಾಸ್ತ ಕಾಗದ ತುಂಬುತ್ತ ನನ್ನ ಗಂಡನನ್ನು "ನೀವು ಏನಾಗ್ಬೇಕು?" ಎಂದು ಕೇಳಿದ. ಇವನು ಬಾಯಿ ತೆರೆದು ಹಾಗೇ ನಿಂತ. ಗುಮಾಸ್ತ ಕಾದು ಸಾಕಾಗಿ, "ಬಾಡಿಗೆಯವರು" ಎಂದು ತಾನೇ ಬರೆದುಕೊಂಡ. ಇವನು ಅಳಲಿಲ್ಲ. ಬಾಡಿಗೆಯವರು ಅಳುವುದು ಸರಿಯಲ್ಲವೆಂದು ಅಂದುಕೊಂಡನೋ ಏನೋ.

ಅದಾದ ಮೇಲೂ ಬಾಗಿಲು "ರಾಫಾ" ಎಂದರೇ ತೆರೆಯುತ್ತಿತ್ತು. ಲೋಕದಲ್ಲಿ ಆ ಹೆಸರು ಕರೆಯುವವಳು ಈಗ ನಾನೊಬ್ಬಳೇ. ಮುದುಕಿ ಹೋದಳಲ್ಲ, ಇನ್ನಾದರೂ ನಾನಿಟ್ಟ ಹೆಸರು ನನಗೆ ಹಿಂತಿರುಗಲಿ ಎಂದು ಬಯಸಿದ್ದು ನಿಜ. ಬಯಸಿದ್ದಕ್ಕೆ ತಪ್ಪಿತಸ್ಥೆಯಂತೆ ಅನ್ನಿಸಿದ್ದೂ ನಿಜ.

ಮಾರ್ಚ್ ಕೊನೆಯಲ್ಲಿ ಬೆಟ್ಟದ ಹಿಮ ಕರಗಿ ಹೊಳೆ ಉಕ್ಕಿತು. ಆ ಶನಿವಾರ ಮಧ್ಯಾಹ್ನ ನೀರು ನಮ್ಮ ಓಣಿಗೆ ಬಂತು. ಆಲೂಗಡ್ಡೆ ಮೂಟೆಗಳನ್ನು ಒಬ್ಬಳೇ ಅಟ್ಟಕ್ಕೆ ಏರಿಸುತ್ತಿದ್ದಾಗ ಗಾಡಿಯ ಕೂಗು ಕೇಳಿತು. ಹೊತ್ತು ಹೋದದ್ದೇ ಗೊತ್ತಾಗಿರಲಿಲ್ಲ. ಒದ್ದೆ ಲಂಗ ಎತ್ತಿ ಹಿಡಿದು ಓಡಿದೆ. ಪ್ಲಾಟ್‌ಫಾರಂ ಮುಟ್ಟುವಾಗ ಗಾಡಿ ನಿಂತು ಆಗಿತ್ತು, ಜನ ಇಳಿದು ಆಗಿತ್ತು, ಗಾರ್ಡು ಕೈ ಎತ್ತಿ ಆಗಿತ್ತು. ಐದನೆಯ ಬೋಗಿಗೆ ಇನ್ನೂ ಇಪ್ಪತ್ತು ಹೆಜ್ಜೆ. ಯೋಚಿಸಲು ಉಸಿರಿರಲಿಲ್ಲ. ಬಾಯಿಗೆ ಬಂದದ್ದನ್ನು ಕೂಗಿದೆ.

"ಇನಾಸೂ!"

ಬಾಗಿಲು ತೆರೆಯಿತು.

ಅವನು ಇಳಿಯಲಿಲ್ಲ. ಬಾಗಿಲ ಸರಳು ಹಿಡಿದು ನಿಂತಿದ್ದ. ನಾನು ಏದುಸಿರು ಬಿಡುತ್ತ ಎದುರಿಗೆ ಹೋದೆ. ಎಷ್ಟು ತಿಂಗಳು ಕಾದಿದ್ದೆ ಇದಕ್ಕೆ! ನಗುತ್ತಿದ್ದೆನೆಂದು ಕಾಣುತ್ತದೆ. ಅವನ ಮುಖ ನೋಡಿ ನಗು ನಿಂತಿತು.

"ಏನಂತ ಕರೆದೆ?" ಎಂದ.

ನಾನು ಅವನ ಚೀಲಕ್ಕೆ ಕೈ ಚಾಚಿದೆ.

"ನಿನ್ನೆ ಆ ಮನೆ ಖಾಲಿ ಮಾಡಿ ಕೀಲಿ ಕೊಟ್ಟು ಬಂದೆ ಮಿಲ್ಲಿ. ಗೋಡೆಗೆ ಸುಣ್ಣ ಹೊಡೀತಿದ್ರು. ಅಲ್ಲಿಗೆ ಮುಗೀತು ಅಂತ ಆಯ್ತಲ್ಲ."

"ಗಾಡಿ ಹೊರಡುತ್ತೆ, ಇಳಿ."

"ಆ ಹೆಸರೂ ಒಂದ್ಸಲ ಕರಿ. ಒಂದೇ ಒಂದ್ಸಲ. ಅವಳು ಕರೀತಿದ್ದ ಹಾಗೆ."

ಗಾರ್ಡು ಸೀಟಿ ಊದಿದ. ಎಷ್ಟೋ ವಾರ ಹಲ್ಲು ಕಚ್ಚಿ ಹೇಳಿದ್ದ ಹೆಸರು ಅದು. ಈಗ ಅದರಿಂದ ಯಾವ ಬಾಗಿಲೂ ತೆರೆಯಬೇಕಾಗಿರಲಿಲ್ಲ. ಕೊನೆಯ ಅಕ್ಷರವನ್ನು ಎಳೆದು, ಸಾರು ಆರುತ್ತಿದೆ ಎನ್ನುವ ದನಿಯಲ್ಲಿ, ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಕರೆದೆ.

"ರಾಫಾಆ..."

"ಬಂದೆ ಅಮ್ಮಾ" ಎಂದು ಅವನು ಇಳಿದ. ಬೆನ್ನ ಹಿಂದೆ ಬಾಗಿಲು ಮುಚ್ಚಿ ಗಾಡಿ ಹೊರಟುಹೋಯಿತು. ಅವನು ಪ್ಲಾಟ್‌ಫಾರಂ ಮೇಲೆ ನಿಂತಲ್ಲೇ ಅತ್ತ. ಮಣ್ಣಿನ ದಿನ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತ. ನಾನು ಅವನ ಚೀಲ ಹಿಡಿದುಕೊಂಡು ಕಾದೆ. ಆಮೇಲೆ ಇಬ್ಬರೂ ನಮ್ಮ ಓಣಿಗೆ ಇಳಿದು, ಮೊಣಕಾಲು ಮಟ್ಟದ ತಣ್ಣನೆಯ ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು, ತಾಯಿಯನ್ನು ಈಗಷ್ಟೇ ಮಣ್ಣು ಮಾಡಿ ಬಂದ ಮಗ ಸೊಸೆಯರಂತೆ, ಮನೆಗೆ ನಡೆದೆವು.